ವಿಮೆಯ ದರ ಏಕೆ ಏರಿತು? ಕೆಲಸದ ಜಾಗದ ಅಪಘಾತ, ಪರಿಹಾರ, ಸುರಕ್ಷತೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಕೆಲಸದ ವೇಳೆ ಗಾಯಗೊಂಡವರಿಗೆ ಸಲ್ಲಬೇಕಾದ ಪರಿಹಾರದ ಕುರಿತು ಹಿಂದಿನ ಸಂಚಿಕೆಯಲ್ಲಿ ಬರೆದ ಬಳಿಕ ಅನೇಕ ಪತ್ರಗಳು ಬಂದಿವೆ. ಮಾಲೀಕರು ಹೆಚ್ಚಾಗಿ ವಿಮೆಯ ದರದ ಬಗ್ಗೆ ಕೇಳಿದ್ದಾರೆ, ಕಾರ್ಮಿಕರು ಮತ್ತು ಅವರ ಮನೆಯವರು ಕೈಗೆ ಬಾರದ ಹಣದ ಬಗ್ಗೆ ಕೇಳಿದ್ದಾರೆ. ಉತ್ತರಗಳಿಗೆ ಮೊದಲು ಒಂದು ಸೂಚನೆ: 1923ರ ನೌಕರರ ಪರಿಹಾರ ಕಾಯ್ದೆಯ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆಯು 2025ರ ನವೆಂಬರ್ 21ರಿಂದ ಬಂದಿದೆ. ಆ ದಿನಕ್ಕೆ ಮುಂಚೆ ನಡೆದ ಅಪಘಾತಗಳಿಗೆ ಹಳೆಯ ಕಾಯ್ದೆಯೇ ಅನ್ವಯಿಸುತ್ತದೆ. ಪರಿಹಾರವನ್ನು ಲೆಕ್ಕ ಹಾಕುವ ಮೂಲ ಸೂತ್ರ ಎರಡರಲ್ಲೂ ಒಂದೇ ಆಗಿರುವುದರಿಂದ ಕೆಳಗಿನ ಲೆಕ್ಕಗಳು ಆ ದಿನಕ್ಕೆ ಮುಂಚಿನ ಮತ್ತು ನಂತರದ ಅಪಘಾತಗಳೆರಡಕ್ಕೂ ಉಪಯೋಗಕ್ಕೆ ಬರುತ್ತವೆ.

ಪ್ರಶ್ನೆ: ಪೀಣ್ಯದಲ್ಲಿ ಒಂಬತ್ತು ಜನರ ಶೀಟ್ ಮೆಟಲ್ ವರ್ಕ್‌ಶಾಪ್ ನಡೆಸುತ್ತಿದ್ದೇನೆ. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮಾ ಯೋಜನೆ) ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ ಮೊದಲಿನಿಂದಲೂ ಡಬ್ಲ್ಯು.ಸಿ. ಪಾಲಿಸಿ (ಕಾರ್ಮಿಕರ ಪರಿಹಾರಕ್ಕೆ ಮಾಲೀಕರು ಮಾಡಿಸುವ ವಿಮೆ) ಮಾಡಿಸಿದ್ದೇನೆ. ಕಳೆದ ವರ್ಷ 26 ವರ್ಷದ ಆಪರೇಟರ್ ಪವರ್ ಪ್ರೆಸ್‌ನಲ್ಲಿ ಬಲಗೈಯ ಎರಡು ಬೆರಳು ಕಳೆದುಕೊಂಡ. ವಿಮಾ ಕಂಪನಿ ಪರಿಹಾರ ಕೊಟ್ಟಿತು. ಆದರೆ ಈ ಸಲ ನವೀಕರಣಕ್ಕೆ ಹೋದಾಗ ಸಂಬಳದ ಸಾವಿರ ರೂಪಾಯಿಗೆ 12 ಇದ್ದ ದರವನ್ನು 15ಕ್ಕೆ ಏರಿಸಿದ್ದಾರೆ. ಹನ್ನೊಂದು ವರ್ಷ ತಪ್ಪದೆ ಕಟ್ಟಿದವನಿಗೆ ಒಂದೇ ಅಪಘಾತಕ್ಕೆ ಹೀಗೆ ಮಾಡುವುದು ನ್ಯಾಯವೇ? ದರ ಇಳಿಸಲು ಏನು ಮಾಡಬೇಕು?
— ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಬೇಸರ ಅರ್ಥವಾಗುತ್ತದೆ. ಒಮ್ಮೆ ವಿಮಾ ಕಂಪನಿಯ ಮೇಜಿನ ಆಚೆ ಬದಿಯಿಂದಲೂ ಲೆಕ್ಕವನ್ನು ನೋಡೋಣ. ನಿಮ್ಮ ಒಂಬತ್ತು ಜನರ ವರ್ಷದ ಒಟ್ಟು ಸಂಬಳ 18 ಲಕ್ಷ ರೂಪಾಯಿ ಎಂದು ಪತ್ರದ ಜೊತೆ ಇಟ್ಟ ಹಾಳೆಯಲ್ಲಿ ಬರೆದಿದ್ದೀರಿ. ಸಾವಿರಕ್ಕೆ 12ರಂತೆ ವರ್ಷಕ್ಕೆ 21,600 ರೂಪಾಯಿ ಪ್ರೀಮಿಯಂ ಆಯಿತು. ಪರಿಹಾರದ ಲೆಕ್ಕದಲ್ಲಿ ತಿಂಗಳ ಸಂಬಳವನ್ನು ಗರಿಷ್ಠ 15,000 ಎಂದು ಹಿಡಿಯುತ್ತಾರೆ (2020ರ ಜನವರಿಯಲ್ಲಿ ಕೇಂದ್ರ ಸರ್ಕಾರ ಈ ಮಿತಿಯನ್ನು 8,000ದಿಂದ ಏರಿಸಿತು). ಅದರ ಶೇ. 60 ಎಂದರೆ 9,000. ಅದನ್ನು 26ನೇ ವಯಸ್ಸಿಗೆ ಕಾನೂನಿನ ಅನುಸೂಚಿ ಕೊಟ್ಟಿರುವ 215.28 ಎಂಬ ಗುಣಕದಿಂದ ಗುಣಿಸಿದರೆ ಪೂರ್ಣ ಶಾಶ್ವತ ಅಂಗವೈಕಲ್ಯದ ಪರಿಹಾರ 19,37,520 ರೂಪಾಯಿ ಬರುತ್ತದೆ. ಒಂದು ಕೈಯ ಎರಡು ಬೆರಳುಗಳ ನಷ್ಟಕ್ಕೆ ಅನುಸೂಚಿಯಲ್ಲಿ ಶೇ. 20 ಎಂದಿದೆ, ಹಾಗಾಗಿ ಕೊಡಬೇಕಾದದ್ದು 3,87,504. ನಿಮ್ಮಿಂದ ವರ್ಷಕ್ಕೆ 21,600 ಪಡೆಯುವ ಕಂಪನಿಗೆ ಈ ಒಂದು ಪರಿಹಾರದ ಹಣ ಹಿಂದಿರುಗಲು ಸುಮಾರು ಹದಿನೆಂಟು ವರ್ಷ ಬೇಕು. ಹನ್ನೊಂದು ವರ್ಷದ ನಿಮ್ಮ ಕಂತುಗಳು ಅಪಘಾತವಾಗದ ಬೇರೆ ವರ್ಕ್‌ಶಾಪ್‌ಗಳ ಕಂತುಗಳ ಜೊತೆ ಸೇರಿಯೇ ಆ ಹುಡುಗನಿಗೆ ಹಣವಾಗಿ ಸಿಕ್ಕಿವೆ. ಆದ್ದರಿಂದ ಏರಿಕೆ ಅನ್ಯಾಯವೆಂದು ನನಗೆ ಅನ್ನಿಸುವುದಿಲ್ಲ. ಆದರೂ ಅದರ ಬಗ್ಗೆ ಮಾತುಕತೆಗೆ ಜಾಗವಿದೆ.

2006ರ ಕೊನೆಯವರೆಗೂ ಈ ವಿಮೆಯ ದರವನ್ನು ಸುಂಕ ಸಲಹಾ ಸಮಿತಿ ನಿಗದಿ ಮಾಡುತ್ತಿತ್ತು, ಯಾವ ಕಂಪನಿಗೆ ಹೋದರೂ ಒಂದೇ ದರ ಇರುತ್ತಿತ್ತು. 2007ರ ಜನವರಿ 1ರಿಂದ ಆ ಕಟ್ಟು ಹೋಗಿ, ಪ್ರತಿ ಕಂಪನಿಯೂ ಕೆಲಸದ ಬಗೆ, ಸಂಬಳದ ಮೊತ್ತ ಮತ್ತು ಹಿಂದಿನ ಕೆಲವು ವರ್ಷಗಳ ಕ್ಲೇಮುಗಳನ್ನು ನೋಡಿ ತನ್ನದೇ ದರ ಹೇಳುತ್ತದೆ. ಹೀಗಾಗಿ ಎರಡು ಮೂರು ಕಡೆ ವಿಚಾರಿಸಿ. ಪ್ರಸ್ತಾವನಾ ಪತ್ರ ತುಂಬುವಾಗ ಲೆಕ್ಕ ಬರೆಯುವವರನ್ನೂ, ಪ್ಯಾಕಿಂಗ್ ಮಾಡುವವರನ್ನೂ ಪ್ರೆಸ್ ಆಪರೇಟರ್‌ಗಳ ಜೊತೆ ಒಂದೇ ಸಾಲಿನಲ್ಲಿ ಸೇರಿಸಬೇಡಿ. ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರ ದರ ಬಹಳ ಕಡಿಮೆ. ಅದೇ ಹೊತ್ತಿನಲ್ಲಿ, ಸಂಬಳವನ್ನು ಕಡಿಮೆ ತೋರಿಸಿ ಪ್ರೀಮಿಯಂ ಉಳಿಸುವ ಯೋಚನೆ ಯಾರಾದರೂ ಕೊಟ್ಟರೆ ಒಪ್ಪಬೇಡಿ. ತೋರಿಸಿದ ಸಂಬಳ ನಿಜವಾದ ಸಂಬಳಕ್ಕಿಂತ ಕಡಿಮೆಯಿದ್ದರೆ ಅದೇ ಪ್ರಮಾಣದಲ್ಲಿ ಪರಿಹಾರವನ್ನೂ ಕಡಿತ ಮಾಡುವ ಷರತ್ತು ಅನೇಕ ಪಾಲಿಸಿಗಳಲ್ಲಿ ಇರುತ್ತದೆ, ಆಗ ಉಳಿದ ಹಣ ನಿಮ್ಮ ಜೇಬಿನಿಂದಲೇ ಹೋಗುತ್ತದೆ. ಇನ್ನೊಂದು ಸಂಗತಿಯನ್ನೂ ಗಮನಿಸಿ: ಗಾಯಗೊಂಡವರ ಚಿಕಿತ್ಸೆಯ ನಿಜವಾದ ಖರ್ಚನ್ನು ಮಾಲೀಕರು ಭರಿಸಬೇಕೆಂದು ಕಾನೂನು ಹೇಳುತ್ತದೆ, ಆದರೆ ಸಾಮಾನ್ಯ ಪಾಲಿಸಿಯಲ್ಲಿ ಚಿಕಿತ್ಸಾ ವೆಚ್ಚ ಸೇರಿರುವುದಿಲ್ಲ. ಬೇರೆಯಾಗಿ ಹಣ ಕಟ್ಟಿ ಅದನ್ನು ಸೇರಿಸಿಕೊಳ್ಳಬೇಕು.

ಈಗ ಪ್ರೆಸ್‌ನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ದರ ಮುಂದಿನ ವರ್ಷ ಇಳಿಯಬೇಕೋ ಏರಬೇಕೋ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ. ಅಪಘಾತವಾದ ಮೇಲೆ ಮುಂಭಾಗಕ್ಕೆ ಸೆನ್ಸರ್ ಹಾಕಿಸಿದ್ದೇನೆ ಎಂದು ಬರೆದಿದ್ದೀರಿ. ನಿಮ್ಮದು ಏರ್ ಕ್ಲಚ್ ಇರುವ ಪ್ರೆಸ್ಸೋ, ಹಳೆಯ ಪಿನ್ ಕ್ಲಚ್ ಪ್ರೆಸ್ಸೋ ಎಂದು ದಯವಿಟ್ಟು ಇವತ್ತೇ ನೋಡಿ. ಪಿನ್ ಕ್ಲಚ್‌ನಲ್ಲಿ ಪೆಡಲ್ ಒತ್ತಿ ಪಿನ್ ಕೂತಿತೆಂದರೆ ಪ್ರೆಸ್ ಒಂದು ಪೂರ್ತಿ ಸುತ್ತು ಮುಗಿಸಿಯೇ ನಿಲ್ಲುತ್ತದೆ. ನಡುವೆ ಯಾವ ಸೆನ್ಸರ್ ಏನು ಕೂಗಿದರೂ ರ‍್ಯಾಮ್ (ತಗಡನ್ನು ಒತ್ತುವ ಭಾಗ) ಕೆಳಗಿಳಿದೇ ಇಳಿಯುತ್ತದೆ. ಅಂಥ ಯಂತ್ರಕ್ಕೆ ಬೆಳಕಿನ ಪರದೆ (ಕೈ ಅಡ್ಡ ಬಂದರೆ ಗುರುತಿಸುವ ಸೆನ್ಸರ್) ಹಾಕಿಸಿ ಸುರಕ್ಷಿತವಾಯಿತೆಂದು ನಂಬಿದ ಮಾಲೀಕರನ್ನು ನಾನು ಕಂಡಿದ್ದೇನೆ. ಆ ನಂಬಿಕೆಯಲ್ಲೇ ಆಪರೇಟರ್‌ಗಳು ಮೊದಲಿಗಿಂತ ಹೆಚ್ಚು ಧೈರ್ಯವಾಗಿ ಡೈ (ತಗಡಿಗೆ ಆಕಾರ ಕೊಡುವ ಅಚ್ಚು) ನಡುವೆ ಕೈ ಹಾಕತೊಡಗುತ್ತಾರೆ. ಪಿನ್ ಕ್ಲಚ್ ಪ್ರೆಸ್‌ಗೆ ಬೆರಳು ಒಳಗೆ ಹೋಗಲಾರದಷ್ಟು ಸಣ್ಣ ಕಿಂಡಿಯ ಬಿಗಿಯಾದ ಗಾರ್ಡ್ ಬೇಕು, ಇಲ್ಲವೇ ತಗಡು ಮಾತ್ರ ತೂರುವಂಥ ಮುಚ್ಚಿದ ಡೈ ಬೇಕು. ಸಣ್ಣ ತುಂಡುಗಳನ್ನು ಇಡಲು ಮತ್ತು ತೆಗೆಯಲು ಚಿಮಟ ಅಥವಾ ಅಯಸ್ಕಾಂತದ ಕಡ್ಡಿ ಕೊಡಿ. ಏರ್ ಕ್ಲಚ್ ಇದ್ದರೆ ಎರಡು ಕೈಯ ಬಟನ್ ಮತ್ತು ಸೆನ್ಸರ್ ಎರಡೂ ಕೆಲಸ ಮಾಡುತ್ತವೆ. ಆದರೆ ಎರಡು ಬಟನ್‌ಗಳಲ್ಲಿ ಒಂದಕ್ಕೆ ಮರದ ಚಕ್ಕೆ ಸಿಕ್ಕಿಸಿ ಟೇಪ್ ಸುತ್ತಿರುವುದನ್ನು ಅದೆಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಗಂಟೆಗೆ ಇಷ್ಟು ಪೀಸ್ ಎಂಬ ಒತ್ತಡ ಇರುವ ಕಡೆಯೇ ಆ ಚಕ್ಕೆ ಕಾಣುತ್ತದೆ. ಅದನ್ನು ಕಂಡಾಗ ಹುಡುಗನಿಗೆ ಬೈಯುವ ಮುನ್ನ ಪೀಸ್ ಲೆಕ್ಕವನ್ನು ಯಾರು ಹಾಕಿದರೆಂದು ಕೇಳಿಕೊಳ್ಳಿ.

ಇಷ್ಟನ್ನು ಮಾಡಿ, ಫೋಟೊ ತೆಗೆದು, ಡೈ ಬದಲಿಸುವಾಗ ಯಾರು ಏನನ್ನು ಪರೀಕ್ಷಿಸುತ್ತಾರೆಂದು ಒಂದು ಪುಸ್ತಕದಲ್ಲಿ ಬರೆದಿಡಿ. ನವೀಕರಣದ ಹೊತ್ತಿಗೆ ಅದನ್ನು ಮುಂದಿಟ್ಟು ಮಾತಾಡಿದರೆ ಕೇಳುವ ಅಧಿಕಾರಿಗಳಿದ್ದಾರೆ. ಈ ವರ್ಷದ ಏರಿಕೆ 5,400 ರೂಪಾಯಿ. ಅದು ಉಳಿಯದೇ ಹೋದರೂ ಗಾರ್ಡ್ ಹಾಕಿಸಿ.

ಪ್ರಶ್ನೆ: ನನ್ನ ಯಜಮಾನರು ದಾವಣಗೆರೆ ಕಡೆಯ ಒಂದು ಸಾ ಮಿಲ್‌ನಲ್ಲಿ ಏಳೆಂಟು ಜನರ ಜೊತೆ ಕೆಲಸಕ್ಕಿದ್ದರು. ವಯಸ್ಸು 34, ತಿಂಗಳಿಗೆ 18,000 ಸಂಬಳ. 2025ರ ಆಗಸ್ಟ್‌ನಲ್ಲಿ ಮರ ಕೊಯ್ಯುವಾಗ ಬಲಗೈ ಹೆಬ್ಬೆರಳು ಪೂರ್ತಿ ಹೋಯಿತು. ಮಿಲ್ಲಿನವರು ಆಸ್ಪತ್ರೆಯ ಅರ್ಧ ಖರ್ಚು ಕೊಟ್ಟು, ಮೇಲೆ 50,000 ಕೊಟ್ಟು, ಇನ್ನು ಮುಂದೆ ಏನೂ ಕೇಳುವುದಿಲ್ಲ ಎಂದು ಛಾಪಾ ಕಾಗದದ ಮೇಲೆ ಸಹಿ ಹಾಕಿಸಿಕೊಂಡರು. ಅಲ್ಲಿಗೆ ಮುಗಿಯಿತೇ? ಗಾರ್ಡ್ ತೆಗೆದದ್ದು ನಿನ್ನದೇ ತಪ್ಪು ಎಂದೂ ಹೇಳುತ್ತಿದ್ದಾರೆ.
— ಒಬ್ಬ ಗೃಹಿಣಿ

ಉತ್ತರ: ಮುಗಿದಿಲ್ಲ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಯಾವ ಕರಾರೂ ಕಾನೂನಿನ ಕಣ್ಣಿಗೆ ಅನೂರ್ಜಿತ, ಅದನ್ನು ಎಷ್ಟು ಬೆಲೆಯ ಛಾಪಾ ಕಾಗದದ ಮೇಲೆ ಬರೆದಿದ್ದರೂ ಅಷ್ಟೆ. ಮಾಲೀಕರು ಮತ್ತು ಕಾರ್ಮಿಕರು ಒಪ್ಪಂದ ಮಾಡಿಕೊಂಡರೆ ಅದನ್ನು ನೌಕರರ ಪರಿಹಾರ ಆಯುಕ್ತರ ಬಳಿ ನೋಂದಾಯಿಸಬೇಕು. ಆಯುಕ್ತರಿಗೆ ಮೊತ್ತ ತೀರಾ ಕಡಿಮೆ ಎನ್ನಿಸಿದರೆ ಅವರು ನೋಂದಣಿಯನ್ನೇ ನಿರಾಕರಿಸಬಹುದು. ನೋಂದಣಿಗೆ ಕಳುಹಿಸದೇ ಇದ್ದ ಮಾಲೀಕರು ಪೂರ್ಣ ಪರಿಹಾರಕ್ಕೆ ಹೊಣೆಯಾಗುತ್ತಾರೆ. ಅಷ್ಟೇ ಅಲ್ಲದೆ, ಆಯುಕ್ತರು ಬೇರೆ ರೀತಿ ಹೇಳದ ಹೊರತು, ಈಗಾಗಲೇ ಕೊಟ್ಟ ಹಣದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಮುರಿದುಕೊಳ್ಳಲೂ ಆಗುವುದಿಲ್ಲ.

ನಿಮಗೆ ಸಲ್ಲಬೇಕಾದದ್ದು ಎಷ್ಟೆಂದು ನೋಡೋಣ. ಸಂಬಳ 18,000 ಇದ್ದರೂ ಲೆಕ್ಕಕ್ಕೆ 15,000 ಮಾತ್ರ. ಅದರ ಶೇ. 60 ಆದ 9,000ವನ್ನು 34ನೇ ವಯಸ್ಸಿನ ಗುಣಕ 199.40ರಿಂದ ಗುಣಿಸಿದರೆ 17,94,600. ಹೆಬ್ಬೆರಳಿನ ನಷ್ಟಕ್ಕೆ ಅನುಸೂಚಿಯಲ್ಲಿ ಶೇ. 30 ಇದೆ. ಹಾಗಾಗಿ ಕನಿಷ್ಠ 5,38,380 ರೂಪಾಯಿ, ಜೊತೆಗೆ ಚಿಕಿತ್ಸೆಯ ಪೂರ್ತಿ ಖರ್ಚು. ಅಪಘಾತವಾಗಿ ಒಂದು ತಿಂಗಳೊಳಗೆ ಪರಿಹಾರ ಕೊಡದೇ ಇದ್ದುದರಿಂದ ವರ್ಷಕ್ಕೆ ಶೇ. 12ರ ಬಡ್ಡಿಯನ್ನೂ ಕೇಳಬಹುದು. ವಿಳಂಬಕ್ಕೆ ಸರಿಯಾದ ಕಾರಣವಿಲ್ಲವೆಂದು ಕಂಡರೆ ಪರಿಹಾರದ ಶೇ. 50ರವರೆಗೆ ದಂಡ ವಿಧಿಸುವ ಅಧಿಕಾರ ಆಯುಕ್ತರಿಗಿದೆ. ಮಾಲೀಕರಾದ ಓದುಗರೂ ಇದನ್ನು ಗಮನಿಸಬೇಕು: ದಂಡದ ಹಣವನ್ನು ವಿಮಾ ಕಂಪನಿ ಕಟ್ಟುವುದಿಲ್ಲ, ಬಡ್ಡಿಯನ್ನು ಹೊರಗಿಟ್ಟ ಪಾಲಿಸಿಗಳೂ ಸಾಕಷ್ಟಿವೆ.

ಕನಿಷ್ಠ ಎಂದು ಹೇಳಿದ್ದಕ್ಕೆ ಕಾರಣವಿದೆ. ಅನುಸೂಚಿಯ ಶೇಕಡಾವಾರು ಕಡಿಮೆಯಿದ್ದರೂ ಆ ಕಾರ್ಮಿಕ ಮಾಡುತ್ತಿದ್ದ ಕೆಲಸವನ್ನೇ ಇನ್ನು ಮಾಡಲಾರ ಎಂದಾದರೆ ಅದನ್ನು ಪೂರ್ಣ ಅಂಗವೈಕಲ್ಯ ಎಂದು ಪರಿಗಣಿಸಬಹುದು. ಎಡಗೈಯನ್ನು ಮೊಣಕೈಗಿಂತ ಮೇಲೆ ಕಳೆದುಕೊಂಡ ಒಬ್ಬ ಬಡಗಿಯ ಪ್ರಕರಣದಲ್ಲಿ, ಒಂದೇ ಕೈಯಿಂದ ಬಡಗಿ ಕೆಲಸ ಸಾಧ್ಯವಿಲ್ಲ ಎಂಬ ಕಾರಣಕ್ಕೆ ಸುಪ್ರೀಂ ಕೋರ್ಟ್ 1976ರಷ್ಟು ಹಿಂದೆಯೇ ಪೂರ್ಣ ಪರಿಹಾರವನ್ನು ಎತ್ತಿಹಿಡಿದಿದೆ. ಹೆಬ್ಬೆರಳಿಲ್ಲದ ಬಲಗೈಯಿಂದ ದಿಮ್ಮಿಯನ್ನು ಹಿಡಿದು ಗರಗಸಕ್ಕೆ ಒಡ್ಡಲು ಆಗುತ್ತದೆಯೇ ಎಂಬುದನ್ನು ವೈದ್ಯರು ಪ್ರಮಾಣಪತ್ರದಲ್ಲಿ ಸ್ಪಷ್ಟವಾಗಿ ಬರೆಯುವಂತೆ ಕೇಳಿಕೊಳ್ಳಿ.

ಗಾರ್ಡ್ ತೆಗೆದ ಆರೋಪದ ಬಗ್ಗೆ: ಕಾರ್ಮಿಕನೇ ಬೇಕೆಂದು ಸುರಕ್ಷಾ ಸಾಧನವನ್ನು ತೆಗೆದಿದ್ದರೆ ಇಂಥ ಗಾಯಕ್ಕೆ ಮಾಲೀಕರು ಆ ವಾದವನ್ನು ಮುಂದಿಡಬಹುದು (ಸಾವು ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯವಾದರೆ ಆ ವಾದ ನಿಲ್ಲುವುದಿಲ್ಲ). ಆದರೆ ಗಾರ್ಡ್ ಇತ್ತು, ಅದರ ಉದ್ದೇಶ ಆತನಿಗೆ ಗೊತ್ತಿತ್ತು, ತಿಳಿದೂ ತೆಗೆದ ಎಂಬುದನ್ನು ಅವರೇ ಸಾಬೀತು ಮಾಡಬೇಕಾಗುತ್ತದೆ. ಆ ಗರಗಸಕ್ಕೆ ಎಂದಾದರೂ ಗಾರ್ಡ್ ಇತ್ತೇ ಎಂದು ಜೊತೆಗಿದ್ದವರನ್ನು ಕೇಳಿ ಬರೆದಿಟ್ಟುಕೊಳ್ಳಿ. ಅರ್ಜಿಗೆ ಅಪಘಾತದ ದಿನದಿಂದ ಎರಡು ವರ್ಷ ಅವಕಾಶವಿದೆ, ಆದರೂ ತಡ ಮಾಡಬೇಡಿ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ, ಅಲ್ಲಿ ಮಹಿಳೆಯರಿಗೂ ಕಾರ್ಮಿಕರಿಗೂ ಉಚಿತವಾಗಿ ವಕೀಲರನ್ನು ಒದಗಿಸುತ್ತಾರೆ. 15100ಕ್ಕೆ ಕರೆ ಮಾಡಿಯೂ ವಿಚಾರಿಸಬಹುದು.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಮ್ಮದು ಅರವತ್ತು ಜನರ ಘಟಕ. ಹತ್ತು ವರ್ಷಗಳಲ್ಲಿ ಒಂದು ದೊಡ್ಡ ಅಪಘಾತವೂ ಆಗಿಲ್ಲ. ಇಎಸ್‌ಐ ವಂತಿಗೆಯಲ್ಲಿ ನಮಗೆ ರಿಯಾಯಿತಿ ಸಿಗುವುದಿಲ್ಲವೇ? ಇಎಸ್‌ಐ ಇದ್ದಮೇಲೆ ಬೇರೆ ಪಾಲಿಸಿ ಬೇಕೇ?
— ಆಡಳಿತ ವ್ಯವಸ್ಥಾಪಕರು, ಹುಬ್ಬಳ್ಳಿ

ಉತ್ತರ: ರಿಯಾಯಿತಿ ಇಲ್ಲ. 2019ರ ಜುಲೈ 1ರಿಂದ ಮಾಲೀಕರ ಪಾಲು ಸಂಬಳದ ಶೇ. 3.25, ಕಾರ್ಮಿಕರ ಪಾಲು ಶೇ. 0.75. ಫೌಂಡ್ರಿಗೂ ಇದೇ, ಬಟ್ಟೆ ಅಂಗಡಿಗೂ ಇದೇ. ವರ್ಷಕ್ಕೆ ನಾಲ್ಕು ಕೈ ಕತ್ತರಿಸಿಕೊಳ್ಳುವ ಕಾರ್ಖಾನೆಗೂ ಇದೇ, ನಿಮಗೂ ಇದೇ. ಅಮೆರಿಕದಲ್ಲಿ ಹೀಗಿಲ್ಲ. ಅಲ್ಲಿ ಪ್ರತಿ ನೂರು ಡಾಲರ್ ಸಂಬಳಕ್ಕೆ ಇಷ್ಟೆಂದು ಕೆಲಸದ ಬಗೆಗೆ ತಕ್ಕ ದರ ಹಾಕಿ, ಅದನ್ನು ಆ ಸಂಸ್ಥೆಯ ಹಿಂದಿನ ಅಪಘಾತಗಳಿಂದ ಲೆಕ್ಕ ಹಾಕಿದ ಒಂದು ಅನುಭವ ಗುಣಕದಿಂದ ಗುಣಿಸುತ್ತಾರೆ. ಸರಾಸರಿ ಸಂಸ್ಥೆಯ ಗುಣಕ 1. ಅದು 0.80 ಇದ್ದವರು ಶೇ. 20 ಕಡಿಮೆ ಕಟ್ಟುತ್ತಾರೆ, 1.30 ಇದ್ದವರು ಶೇ. 30 ಹೆಚ್ಚು ಕಟ್ಟುತ್ತಾರೆ. ಗುಣಕ 1ನ್ನು ದಾಟಿದ ಗುತ್ತಿಗೆದಾರರನ್ನು ಕೆಲಸಕ್ಕೆ ಕರೆಯದ ಕಂಪನಿಗಳೂ ಅಲ್ಲಿವೆ. 1884ರಲ್ಲೇ ಅಪಘಾತ ವಿಮೆಯ ಕಾನೂನು ತಂದ ಜರ್ಮನಿಯಲ್ಲಿ ಉದ್ಯಮಗಳ ಸಂಘಗಳೇ ಅಪಾಯದ ವರ್ಗಕ್ಕೆ ತಕ್ಕಂತೆ ವಂತಿಗೆ ಎತ್ತುತ್ತವೆ, ಸುರಕ್ಷತೆಯ ತಪಾಸಣೆಗೆ ತಮ್ಮದೇ ಜನರನ್ನು ಕಳುಹಿಸುತ್ತವೆ. ನಮ್ಮ ಇಎಸ್‌ಐಯ ಏಕರೂಪದ ದರದಲ್ಲಿ ಒಂದು ಒಳ್ಳೆಯ ತತ್ತ್ವವಿದೆ: ಅಪಾಯದ ಕೆಲಸದವರ ಭಾರವನ್ನು ಎಲ್ಲರೂ ಹೊರುತ್ತಾರೆ. ಆದರೂ ನಿಮ್ಮಂಥವರು ವರ್ಷವರ್ಷವೂ ಸುರಕ್ಷತೆಗೆ ಮಾಡುವ ಖರ್ಚು ವಂತಿಗೆಯ ಚಲನ್‌ನಲ್ಲಿ ಒಂದು ರೂಪಾಯಿಯಷ್ಟೂ ಕಾಣದಿರುವುದು ಸರಿಯಲ್ಲ, ಅದು ಬದಲಾಗಬೇಕು ಎಂದು ನಾನು ನಂಬಿದ್ದೇನೆ.

ಎರಡನೆಯದಕ್ಕೆ ಉತ್ತರ: ಇಎಸ್‌ಐ ವ್ಯಾಪ್ತಿಯ ಕಾರ್ಮಿಕರಿಗೆ ಬೇರೆ ಪಾಲಿಸಿ ಬೇಡ, ಅವರು ಎರಡೂ ಕಡೆ ಪರಿಹಾರ ಪಡೆಯುವಂತೆಯೂ ಇಲ್ಲ. ಆದರೆ ತಿಂಗಳಿಗೆ 21,000ಕ್ಕಿಂತ ಹೆಚ್ಚು ಸಂಬಳ ಪಡೆಯುವ ಮೇಲ್ವಿಚಾರಕರು, ಎಲೆಕ್ಟ್ರಿಷಿಯನ್‌ಗಳು ಆ ವ್ಯಾಪ್ತಿಯಲ್ಲಿ ಇರುವುದಿಲ್ಲ. ಅವರಿಗೆ ಪಾಲಿಸಿ ಮಾಡಿಸಿ. ಗುತ್ತಿಗೆದಾರರು ಕರೆತರುವ ಹಮಾಲರ ವಿಚಾರದಲ್ಲೂ ಗುತ್ತಿಗೆದಾರರು ಕೈಯೆತ್ತಿದರೆ ಹೊಣೆ ನಿಮ್ಮ ಮೇಲೆಯೇ ಬರುತ್ತದೆ.

ಪ್ರಶ್ನೆ: ಶಿರಸಿ ಹತ್ತಿರ ಮೂರು ಎಕರೆ ಅಡಿಕೆ ತೋಟವಿದೆ. ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡರು ವರ್ಷಕ್ಕೆ ಕೆಲವೇ ದಿನ ಬರುತ್ತಾರೆ. ಪಕ್ಕದೂರಿನಲ್ಲಿ ಒಬ್ಬರು ಮರದಿಂದ ಬಿದ್ದು ಹಾಸಿಗೆ ಹಿಡಿದ ಮೇಲೆ ನಮಗೆಲ್ಲ ಭಯವಾಗಿದೆ. ಇಂಥವರಿಗೂ ಪರಿಹಾರದ ಕಾನೂನು ಇದೆಯೇ? ವಿಮೆ ಹೇಗೆ ಮಾಡಿಸಬೇಕು?
— ಒಬ್ಬ ಬೆಳೆಗಾರ, ಉತ್ತರ ಕನ್ನಡ

ಉತ್ತರ: ಇದೆ ಎಂದು ತಿಳಿದುಕೊಂಡೇ ನಡೆಯುವುದು ಒಳಿತು. ಭೂಮಿಯ ಸಾಗುವಳಿ ಮತ್ತು ಔಷಧಿ ಸಿಂಪಡಣೆ, ಪರಿಹಾರದ ಕಾನೂನು ಅನ್ವಯಿಸುವ ಕೆಲಸಗಳ ಪಟ್ಟಿಯಲ್ಲಿವೆ. ಆಗೊಮ್ಮೆ ಈಗೊಮ್ಮೆ ಬರುವ ಕೂಲಿಯವರನ್ನು ಹೊರಗಿಡುತ್ತಿದ್ದ ಮಾತನ್ನು 2000ದ ತಿದ್ದುಪಡಿ ತೆಗೆದುಹಾಕಿದೆ. ಕೊನೆಗೌಡರು ತಾವೇ ಗುತ್ತಿಗೆ ಹಿಡಿದು ಹುಡುಗರನ್ನು ಕರೆತಂದಾಗ ಮಾಲೀಕರು ಯಾರೆಂಬ ವಾದ ಹುಟ್ಟಬಹುದು. ಆದರೆ ಕೊಯ್ಲು ನಿಮ್ಮ ತೋಟದ ಮುಖ್ಯ ಕೆಲಸವೇ ಆದ್ದರಿಂದ ಆ ವಾದದ ಆಸರೆಯಲ್ಲಿ ಕೂರಬೇಡಿ.

ಸಾಮಾನ್ಯ ವಿಮಾ ಕಂಪನಿಗಳು ಹೆಸರು ನಮೂದಿಸದೆ, ಇಷ್ಟು ಆಳು ಇಷ್ಟು ಕೂಲಿ ಎಂದು ಘೋಷಿಸಿ ಪಡೆಯುವ ಪಾಲಿಸಿಗಳನ್ನೂ ಕೊಡುತ್ತವೆ. ಎತ್ತರದಲ್ಲಿ ಮಾಡುವ ಕೆಲಸವಾದ್ದರಿಂದ ದರ ಹೆಚ್ಚೇ ಇರುತ್ತದೆ, ಆದರೆ ದರ ಬೀಳುವುದು ಆ ಕೆಲವು ದಿನಗಳ ಕೂಲಿಯ ಮೊತ್ತದ ಮೇಲೆ. ಒಬ್ಬೊಬ್ಬರೇ ಕೇಳಿದರೆ ಏಜೆಂಟರು ಆಸಕ್ತಿ ತೋರಿಸದಿರಬಹುದು. ಊರಿನ ಬೆಳೆಗಾರರೆಲ್ಲ ಸೇವಾ ಸಹಕಾರಿ ಸಂಘದ ಮೂಲಕ ಒಟ್ಟಾಗಿ ಕೇಳಿ. ಇದರ ಜೊತೆಗೆ 18ರಿಂದ 70 ವರ್ಷದವರಿಗೆ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ ಕೊಡುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಅವರ ಬ್ಯಾಂಕ್ ಖಾತೆಯನ್ನು ಸೇರಿಸಿಕೊಡಿ. ಅದು ನಿಮ್ಮ ಹೊಣೆಯನ್ನು ತೀರಿಸುವುದಿಲ್ಲ, ಆದರೆ ಆ ಮನೆಗೆ ಆಸರೆಯಾಗುತ್ತದೆ. ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ಯೋಜನೆ ಪ್ರತ್ಯೇಕವಾಗಿ ಇದೆ.

ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ ಮರ ಪಾಚಿ ಹಿಡಿದು ಜಾರುತ್ತಿರುತ್ತದೆ. ಕಾಲಿಗೆ ತಳೆ (ಹಗ್ಗದ ಬಳೆ) ಹಾಕಿ ಹತ್ತಿದವರು ಕೆಳಗಿಳಿಯದೆ ಒಂದು ಮರವನ್ನು ಬಗ್ಗಿಸಿ ಇನ್ನೊಂದಕ್ಕೆ ದಾಟುವುದನ್ನು ನಾವು ನೋಡಿ ಮೆಚ್ಚುತ್ತೇವೆ, ಆದರೆ ಸೊಂಟಕ್ಕೆ ಹಗ್ಗವಿಲ್ಲದ ಆ ಒಂದು ಗಳಿಗೆಯಲ್ಲಿ ಅವರನ್ನು ಹಿಡಿದಿಡುವುದು ಏನೂ ಇರುವುದಿಲ್ಲ. ಫೈಬರ್ ದೋಟಿ (ಕೊಯ್ಯಲು ಬಳಸುವ ಉದ್ದನೆಯ ಕೋಲು) ಬಂದ ಮೇಲೆ ನೆಲದಲ್ಲೇ ನಿಂತು ಕೊಯ್ಯುವುದು, ಔಷಧಿ ಹೊಡೆಯುವುದು ಸಾಧ್ಯವಾಗಿದೆ. ಸಾಧ್ಯವಾದಷ್ಟು ಅದನ್ನೇ ಬಳಸಿ. ಆದರೆ ಒಂದು ಎಚ್ಚರಿಕೆ, ಇದನ್ನು ದೋಟಿ ಹಿಡಿಯುವ ಪ್ರತಿಯೊಬ್ಬರಿಗೂ ಹೇಳಿ: ಕಾರ್ಬನ್ ಫೈಬರ್ ವಿದ್ಯುತ್ತನ್ನು ಹರಿಯಗೊಡುತ್ತದೆ. ಅಲ್ಯೂಮಿನಿಯಂ ದೋಟಿಯಷ್ಟೇ ಅದೂ ಅಪಾಯಕಾರಿ. ತೋಟದ ಮೇಲೆ ಅಥವಾ ಅಂಚಿನಲ್ಲಿ ತಂತಿ ಹಾದುಹೋಗಿದ್ದರೆ ಆ ಸಾಲಿನ ಮರಗಳಿಗೆ ಬಣ್ಣದ ಗುರುತು ಹಾಕಿ, ಲೈನ್ ಆಫ್ ಮಾಡಿಸದೆ ಅಲ್ಲಿ ದೋಟಿ ಎತ್ತಬಾರದೆಂದು ಕಟ್ಟುನಿಟ್ಟು ಮಾಡಿ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟ್‌ನ ಕೊಳಚೆ ಶುದ್ಧೀಕರಣ ಘಟಕದ ತೊಟ್ಟಿ ಸ್ವಚ್ಛ ಮಾಡಲು ಗುತ್ತಿಗೆದಾರರು ಇಬ್ಬರನ್ನು ಇಳಿಸುತ್ತೇವೆ ಎನ್ನುತ್ತಾರೆ. ತಮ್ಮ ಬಳಿ ವಿಮೆ ಇದೆಯೆಂದು ಪ್ರತಿ ಕೊಟ್ಟಿದ್ದಾರೆ. ಅಷ್ಟು ಸಾಕೇ?
— ಸಂಘದ ಕಾರ್ಯದರ್ಶಿ, ಬೆಂಗಳೂರು

ಉತ್ತರ: ಸಾಲದು, ಇಳಿಸಲೂಬೇಡಿ. ರಕ್ಷಣೆಯಿಲ್ಲದೆ ಮನುಷ್ಯರನ್ನು ಒಳಚರಂಡಿಗೆ ಅಥವಾ ಮಲಗುಂಡಿಗೆ ಇಳಿಸುವುದನ್ನು ಮಲ ಹೊರುವ ಪದ್ಧತಿಯನ್ನು ತಡೆಯುವ 2013ರ ಕಾಯ್ದೆ ನಿಷೇಧಿಸಿದೆ. ಇಳಿಸಿದವರ ಜೊತೆ ಇಳಿಸಲು ಹೇಳಿದವರೂ ಆರೋಪಿಗಳಾಗುತ್ತಾರೆ. ಇಂಥ ಸಾವುಗಳಿಗೆ 2014ರಲ್ಲಿ 10 ಲಕ್ಷ ಎಂದಿದ್ದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ 30 ಲಕ್ಷಕ್ಕೆ ಏರಿಸಿತು. ಯಂತ್ರದಿಂದ ಹೀರಿಸಿ.

ತೊಟ್ಟಿಯಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಅದರ ಪ್ರಮಾಣ ಹೆಚ್ಚಾದಾಗ ಮೂಗಿನ ಶಕ್ತಿಯೇ ಸತ್ತು ವಾಸನೆ ಹೋದಂತೆ ಅನ್ನಿಸುತ್ತದೆ. ಈಗ ಗಾಳಿ ಸರಿಹೋಯಿತೆಂದು ಇಳಿದವರು ಅಲ್ಲೇ ಕುಸಿಯುತ್ತಾರೆ, ಅವರನ್ನು ಎತ್ತಲು ಹಾರಿದ ಎರಡನೆಯವರೂ ಕುಸಿಯುತ್ತಾರೆ. ಪತ್ರಿಕೆಗಳಲ್ಲಿ ಇಬ್ಬರ, ಮೂವರ ಸಾವು ಒಟ್ಟಿಗೆ ವರದಿಯಾಗುವುದು ಇದೇ ಕಾರಣಕ್ಕೆ. ನಿಮ್ಮ ಭದ್ರತಾ ಸಿಬ್ಬಂದಿಗೂ ಇದನ್ನು ತಿಳಿಸಿ, ಏಕೆಂದರೆ ಕೂಗು ಕೇಳಿ ಮೊದಲು ಓಡಿಬರುವವರು ಅವರೇ.

ಪ್ರಶ್ನೆ: ನಾನು ಒಂದು ಕಾರ್ಖಾನೆಯಲ್ಲಿ ಸುರಕ್ಷತಾ ವಿಭಾಗದಲ್ಲಿದ್ದೇನೆ. ಸಣ್ಣಪುಟ್ಟ ಗಾಯಗಳನ್ನು ದಾಖಲಿಸಬೇಡಿ, ಪಾಲಿಸಿಯ ದರವೂ ಏರುತ್ತದೆ, ಅಪಘಾತರಹಿತ ದಿನಗಳ ಬಹುಮಾನವೂ ಹೋಗುತ್ತದೆ ಎಂದು ಮೇಲಿನವರು ಹೇಳುತ್ತಾರೆ. ನಾನೇನು ಮಾಡಲಿ?
— ಹೆಸರು ಬೇಡ

ಉತ್ತರ: ಹಲವು ವರ್ಷಗಳ ಹಿಂದೆ ಒಂದು ಕಾರ್ಖಾನೆಗೆ ಸುರಕ್ಷತೆಯ ತರಬೇತಿ ಕೊಡಲು ಹೋಗಿದ್ದೆ. ಗೇಟಿನ ಪಕ್ಕದ ಹಸಿರು ಫಲಕದಲ್ಲಿ ಅಪಘಾತವಿಲ್ಲದ ದಿನಗಳು 412 ಎಂದು ಬರೆದಿತ್ತು. ತರಗತಿಯ ಕೊನೆಯ ಸಾಲಿನಲ್ಲಿ ಕೂತಿದ್ದ ಒಬ್ಬ ಹುಡುಗ ಎರಡು ಗಂಟೆಯೂ ಎಡಗೈಯನ್ನು ಜೇಬಿನಿಂದ ತೆಗೆಯಲಿಲ್ಲ. ಹಾಜರಿ ಪುಸ್ತಕಕ್ಕೆ ಸಹಿ ಹಾಕುವಾಗ ಹಾಳೆಯನ್ನು ಒತ್ತಿ ಹಿಡಿಯಲು ಕೈ ತೆಗೆದ. ಮೂರು ಬೆರಳಿಗೆ ಸುತ್ತಿದ ಬ್ಯಾಂಡೇಜ್ ಮೇಲೆ ಗ್ರೀಸ್ ಅಂಟಿತ್ತು. ಮನೆಯಲ್ಲಿ ಬಾಗಿಲಿಗೆ ಸಿಕ್ಕಿತು ಸರ್, ಎಂದ. ಪಕ್ಕದಲ್ಲಿದ್ದವರು ನೆಲ ನೋಡುತ್ತಿದ್ದರು. ಆ ಹುಡುಗನ ಮುಖ ನನಗೆ ಇಂದಿಗೂ ಮರೆತಿಲ್ಲ.

ಮುಚ್ಚಿಟ್ಟ ಗಾಯದ ನಷ್ಟ ಮೊದಲು ಬೀಳುವುದು ಕಾರ್ಮಿಕರ ಮೇಲೆ. ಇಎಸ್‌ಐಗೆ ಅಪಘಾತದ ವರದಿ ಹೋಗದಿದ್ದರೆ ಅದು ಕೆಲಸದ ಗಾಯವೆಂದು ದಾಖಲಾಗುವುದಿಲ್ಲ. ಕೆಲಸದ ಗಾಯಕ್ಕೆ ದಿನದ ಸಂಬಳದ ಸುಮಾರು ಶೇ. 90 ಸಿಗುತ್ತದೆ, ಅದಕ್ಕೆ ಇಷ್ಟು ದಿನ ವಂತಿಗೆ ಕಟ್ಟಿರಬೇಕೆಂಬ ನಿಯಮವೂ ಇಲ್ಲ, ಸೇರಿದ ಮೊದಲ ದಿನವೇ ಗಾಯವಾದರೂ ಹಕ್ಕಿದೆ. ಮನೆಯ ಬಾಗಿಲಿಗೆ ಸಿಕ್ಕಿತು ಎಂದು ಒಪ್ಪಿಕೊಂಡ ಮೇಲೆ ಅದೆಲ್ಲ ಹೋಯಿತು. ಮುಂದೆ ಆ ಬೆರಳು ಸೆಟೆದುಕೊಂಡರೆ ಅಂಗವೈಕಲ್ಯದ ಹಣವೂ ಇಲ್ಲ. 48 ಗಂಟೆ ಕೆಲಸಕ್ಕೆ ಬರಲಾಗದಂಥ ಗಾಯವನ್ನು ಕಾರ್ಖಾನೆಗಳ ಇಲಾಖೆಗೆ ತಿಳಿಸುವುದು ಕಾರ್ಖಾನೆ ಕಾಯ್ದೆಯ ಕಾಲದಿಂದ ಬಂದಿರುವ ಕರ್ತವ್ಯ, ಅದನ್ನು ಮುಚ್ಚಿಟ್ಟರೆ ಕಾರ್ಖಾನೆಯ ಮುಖ್ಯಸ್ಥರೇ ಕಟಕಟೆ ಹತ್ತಬೇಕಾಗುತ್ತದೆ. ವಿಮೆಯ ವಿಚಾರದಲ್ಲೂ ಕ್ಲೇಮುಗಳ ಬಗ್ಗೆ ಸುಳ್ಳು ಹೇಳಿ ಪಡೆದ ಪಾಲಿಸಿಯನ್ನು ದೊಡ್ಡ ಅಪಘಾತವಾದ ದಿನ ಕಂಪನಿ ಪ್ರಶ್ನಿಸಬಹುದು.

ನಿಮ್ಮ ಮೇಲಿನವರ ಬಳಿ ಹೋಗುವಾಗ ನೀತಿಯ ಮಾತಿನ ಜೊತೆ ಒಂದು ಪ್ರಸ್ತಾವವನ್ನೂ ಹಿಡಿದುಹೋಗಿ: ಅಪಘಾತವಿಲ್ಲದ ದಿನಗಳಿಗೆ ಕೊಡುತ್ತಿರುವ ಬಹುಮಾನವನ್ನು, ಕೂದಲೆಳೆಯಲ್ಲಿ ತಪ್ಪಿದ ಅಪಘಾತಗಳನ್ನು ಬರೆದು ಕೊಡುವವರಿಗೆ ಕೊಡೋಣ ಎಂದು. ಗಾಯವಾಗದ ಘಟನೆಗೆ ಕ್ಲೇಮ್ ಇಲ್ಲ, ದರವೂ ಏರುವುದಿಲ್ಲ, ಆದರೆ ಯಾವ ಯಂತ್ರ ಮುಂದೆ ಕೈ ತಿನ್ನಲಿದೆ ಎಂಬುದು ಆ ಚೀಟಿಗಳಲ್ಲಿ ಇರುತ್ತದೆ. ಅಷ್ಟಕ್ಕೂ ಒಪ್ಪದಿದ್ದರೆ ನಿಮಗೆ ಬಂದ ಸೂಚನೆಯನ್ನು ಬರಹದಲ್ಲಿ ಕೇಳಿ. ಬಹಳ ಕಡೆ ಅಲ್ಲಿಗೇ ಆ ಸೂಚನೆ ನಿಂತುಹೋಗುತ್ತದೆ.

ಪ್ರಶ್ನೆ: ಗಾರ್ಮೆಂಟ್ಸ್ ಕೆಲಸಕ್ಕೆ ಹಳ್ಳಿಯಿಂದ ಟೆಂಪೋದಲ್ಲಿ ಹೋಗುತ್ತೇವೆ. ದಾರಿಯಲ್ಲಿ ಅಪಘಾತವಾದರೆ ಅದು ಕೆಲಸದ ಗಾಯವಾಗುತ್ತದೆಯೇ?
— ಒಬ್ಬ ಟೈಲರ್, ಮಂಡ್ಯ ಜಿಲ್ಲೆ

ಉತ್ತರ: ಆಗುತ್ತದೆ. ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ ಹೋಗುವ ದಾರಿಯ ಅಪಘಾತವನ್ನು, ಸಮಯ, ಸ್ಥಳ, ಸಂದರ್ಭ ಇವು ಕೆಲಸಕ್ಕೆ ಹೊಂದಿಕೊಂಡರೆ, ಕೆಲಸದ ಗಾಯವೆಂದೇ ಪರಿಗಣಿಸಬೇಕೆಂದು 2010ರಲ್ಲಿ ಇಎಸ್‌ಐ ಕಾಯ್ದೆಗೆ ಸೇರಿಸಲಾಯಿತು. ಹೊಸ ಸಂಹಿತೆಯು ಇಎಸ್‌ಐ ಇಲ್ಲದ ನೌಕರರಿಗೂ ಅದನ್ನು ವಿಸ್ತರಿಸಿದೆ. ಆದ್ದರಿಂದ ಅಂಥ ಸಂದರ್ಭ ಬಂದರೆ ಪೊಲೀಸ್ ದೂರಿನಲ್ಲಿ ಮತ್ತು ಆಸ್ಪತ್ರೆಯ ಚೀಟಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಾಗ ಅಥವಾ ಕೆಲಸ ಮುಗಿಸಿ ಬರುತ್ತಿದ್ದಾಗ ಎಂಬ ಮಾತನ್ನು ಬರೆಸಿ, ಆ ದಿನದ ಹಾಜರಿಯ ವಿವರವನ್ನು ಕಾರ್ಖಾನೆಯಿಂದ ಪಡೆದುಕೊಳ್ಳಿ. ಸರಕು ಸಾಗಿಸುವ ಟೆಂಪೋದಲ್ಲಿ ನಿಮ್ಮನ್ನು ತುಂಬಿಕೊಂಡು ಹೋಗುತ್ತಿದ್ದರೆ ಬಸ್ ಬೇಕೆಂದು ಎಲ್ಲರೂ ಸೇರಿ ಆಡಳಿತಕ್ಕೆ ಮನವಿ ಬರೆಯಿರಿ. ಕರಡು ಕಳುಹಿಸಿದರೆ ತಿದ್ದಿಕೊಡುತ್ತೇನೆ.